ಲೋವರಿಂಗ್ ಸ್ಪ್ರಿಂಗೋ, ಕಾಯಿಲ್‌ಓವರೋ? ಒಂದು ಆಯ್ಕೆಯ ಪ್ರಶ್ನೆಯಿಂದ ಕಟ್ಟಿದ ಭೌತವಿಜ್ಞಾನ ಪಾಠ

ಬೋಧನಾ ಅಭ್ಯಾಸದ ಪಾಠಯೋಜನೆಗಳನ್ನು ನೋಡುವಾಗ 'ಯಾವುದು ಉತ್ತಮ?' ಎಂಬ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ತಾಮ್ರದ ತಂತಿಯೋ ಅಲ್ಯೂಮಿನಿಯಂ ತಂತಿಯೋ, ಸೌದೆ ಒಲೆಯೋ ಗ್ಯಾಸ್ ಒಲೆಯೋ ಎಂದು ಕೇಳಿ, ಪ್ರಶಿಕ್ಷಣಾರ್ಥಿ ಕರಿಹಲಗೆಯ ಮೇಲೆ ಎರಡು ಕಾಲಂ ಎಳೆಯುತ್ತಾರೆ. ಅನುಕೂಲ, ಅನನುಕೂಲಗಳ ಪಟ್ಟಿ ಬೆಳೆಯುತ್ತದೆ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಯಾವ ಕಾಲಂ ಉದ್ದವೋ ಅದು ಗೆದ್ದಂತೆ. ಯಾರಿಗೆ ಉತ್ತಮ, ಯಾವ ಕೆಲಸಕ್ಕೆ ಉತ್ತಮ, ಎರಡನ್ನೂ ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗಳು ತರಗತಿಗೆ ಬರುವುದೇ ಇಲ್ಲ.

ಆಯ್ಕೆಯ ಪ್ರಶ್ನೆಯನ್ನು ಅಳತೆಯಿಂದ ಆರಂಭಿಸಿ ಕಲಿಸಬಹುದೇ ಎಂದು ನೋಡಲು ಈ ವರ್ಷ ಒಂದು ಪಾಠವನ್ನು ರೂಪಿಸಿದೆ. ಅದನ್ನು ಮೊದಲು ಮಾಲೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪ್ರಾತ್ಯಕ್ಷಿಕೆ ಪಾಠವಾಗಿ ನಾನೇ ಮಾಡಿದೆ. ಅನಂತರ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಅಭ್ಯಾಸ ಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಅದೇ ಪಾಠವನ್ನು ತಮ್ಮ ತಮ್ಮ ಊರಿಗೆ ಹೊಂದಿಸಿಕೊಂಡು ಮಾಡಿದರು.

ವಿಷಯ ಬಂದ ಬಗೆ

9ನೇ ತರಗತಿಯ 'ಕೆಲಸ ಮತ್ತು ಶಕ್ತಿ' ಅಧ್ಯಾಯದಲ್ಲಿ ಪ್ರಚ್ಛನ್ನ ಶಕ್ತಿಗೆ ಸ್ಪ್ರಿಂಗಿನ ಉದಾಹರಣೆ ಬರುತ್ತದೆ. ಅದನ್ನು ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದು ಕೇಳಿದ: "ಮೇಡಂ, ನಮ್ಮಣ್ಣ ಕಾರು ಇಳಿಸ್ಬೇಕು ಅಂತಿದಾನೆ. ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ್ರೆ ಒಳ್ಳೇದಾ, ಕಾಯಿಲ್‌ಓವರ್ ಒಳ್ಳೇದಾ? ಅದೆಲ್ಲ ಯಾಕೆ, ಇರೋ ಸ್ಪ್ರಿಂಗನ್ನೇ ಒಂದೆರಡು ಸುತ್ತು ಕತ್ತರಿಸಿದ್ರೆ ಸಾಕು ಅಂತ ಯಾರೋ ಹೇಳಿದಾರಂತೆ."

ತರಗತಿಯ ಅರ್ಧದಷ್ಟು ಹುಡುಗರು ಅವನ ಕಡೆ ತಿರುಗಿದರು. ಇವರಲ್ಲಿ ಹಲವರು ಇನ್ನೆರಡು ವರ್ಷದಲ್ಲಿ ಐಟಿಐ, ಡಿಪ್ಲೊಮಾ ಎಂದು ಹೋಗುವವರು. ಕೆಲವರು ರಜೆಯಲ್ಲಿ ಗ್ಯಾರೇಜಿನಲ್ಲಿ ಕೈಕೆಲಸ ಮಾಡುತ್ತಾರೆ. ಸ್ಪ್ರಿಂಗ್ ಕತ್ತರಿಸಿದ ಕಾರಿನಲ್ಲಿ ಓಡಾಡುವವರು ಇವರ ಮನೆಯವರೇ. 'ಪಠ್ಯದಲ್ಲಿಲ್ಲ, ಕೂತ್ಕೋ' ಎನ್ನುವ ಪ್ರಶ್ನೆ ಇದಲ್ಲ ಎನಿಸಿತು. ಹುಕ್‌ನ ನಿಯಮ ಪ್ರಥಮ ಪಿಯುಸಿಯಲ್ಲಿ ಬರುತ್ತದೆ, ನಿಜ. ಆದರೆ ಅದರ ಅನುಭವಕ್ಕೆ ತೂಕದ ಬಟ್ಟು, ಸ್ಪ್ರಿಂಗ್, ಅಳತೆಪಟ್ಟಿ ಸಾಕು.

ಶಿಕ್ಷಕರಿಗೆ ಬೇಕಾದ ವಿಷಯಜ್ಞಾನ

ಕಾರಿನ ಸಸ್ಪೆನ್ಷನ್‌ನಲ್ಲಿ ಎರಡು ಕೆಲಸಗಳಿವೆ. ಭಾರ ಹೊರುವುದು ಮತ್ತು ರಸ್ತೆಯ ಹೊಡೆತವನ್ನು ಹೀರಿಕೊಳ್ಳುವುದು ಸ್ಪ್ರಿಂಗಿನ ಕೆಲಸ. ಹೀರಿಕೊಂಡ ಮೇಲೆ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್ ಕೆಲಸ. ಅದು ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ದೂಡಿ ಚಲನಶಕ್ತಿಯನ್ನು ಶಾಖವಾಗಿ ಮಾಡುತ್ತದೆ. ಸ್ಪ್ರಿಂಗ್ ಪೂರ್ತಿ ಕುಗ್ಗಿ ಲೋಹಕ್ಕೆ ಲೋಹ ತಾಗುವ ಮೊದಲು ತಡೆಯಲು ಬಂಪ್ ಸ್ಟಾಪ್ ಎಂಬ ರಬ್ಬರಿನ ಅಡ್ಡಗಟ್ಟು ಇರುತ್ತದೆ.

ಲೋವರಿಂಗ್ ಸ್ಪ್ರಿಂಗ್ ಎಂದರೆ ಮೂಲ ಸ್ಪ್ರಿಂಗಿಗಿಂತ ಗಿಡ್ಡ, ಸಾಮಾನ್ಯವಾಗಿ ಸ್ವಲ್ಪ ಗಟ್ಟಿ. ಶಾಕ್ ಅಬ್ಸಾರ್ಬರ್ ಹಳೆಯದೇ ಇರುತ್ತದೆ. ಕಾರು ಎಷ್ಟು ಇಳಿಯಬೇಕೆಂಬುದು ತಯಾರಿಕೆಯಲ್ಲೇ ನಿಗದಿಯಾಗಿರುತ್ತದೆ, ಆಮೇಲೆ ಬದಲಿಸಲಾಗದು. ಕಾಯಿಲ್‌ಓವರ್ ಎಂದು ಮಾರುಕಟ್ಟೆಯಲ್ಲಿ ಕರೆಯುವುದು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡನ್ನೂ ಒಂದಕ್ಕೊಂದು ಹೊಂದುವಂತೆ ಮಾಡಿದ ಸೆಟ್ಟನ್ನು. ಅದರ ಹೊರಮೈಯಲ್ಲಿ ಮರೆ ಇರುತ್ತದೆ; ಉಂಗುರ ತಿರುಗಿಸಿ ಎತ್ತರ ಹೊಂದಿಸಬಹುದು. ಕೆಲವು ಸೆಟ್ಟುಗಳಲ್ಲಿ ಶಾಕ್ ಅಬ್ಸಾರ್ಬರಿನ ಬಿಗಿಯನ್ನೂ ಬದಲಿಸಬಹುದು. ಬೆಲೆ ಸ್ಪ್ರಿಂಗ್ ಸೆಟ್ಟಿನ ಹಲವು ಪಟ್ಟು. ಅನೇಕ ಸಣ್ಣ ಕಾರುಗಳ ಹಿಂಭಾಗದಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬೇರೆ ಬೇರೆ ಕಡೆ ಇರುವುದರಿಂದ ಅಲ್ಲಿ ಈ ಸೆಟ್ಟಿನ ಭಾಗಗಳೂ ಬೇರೆ ಬೇರೆಯಾಗಿಯೇ ಕೂರುತ್ತವೆ.

ತರಗತಿಗೆ ಹಳೆಯ ಸಸ್ಪೆನ್ಷನ್ ಭಾಗ ತರುವವರಿಗೆ ಒಂದು ಎಚ್ಚರಿಕೆ. ಜೋಡಿಸಿದ ಸ್ಥಿತಿಯಲ್ಲಿರುವ ಸ್ಪ್ರಿಂಗ್ ಈಗಾಗಲೇ ಒತ್ತಿದ ಸ್ಥಿತಿಯಲ್ಲಿದೆ. ಮೇಲಿನ ನಟ್ಟನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಸ್ಪ್ರಿಂಗ್ ಒತ್ತಿಹಿಡಿಯುವ ಸಾಧನವಿಲ್ಲದೆ ಬಿಚ್ಚಿದರೆ ಅದು ಸಿಡಿದು ಪ್ರಾಣಾಪಾಯವಾಗಬಹುದು. ಗ್ಯಾರೇಜಿನಲ್ಲೇ ಬಿಚ್ಚಿಸಿ, ಬಿಡಿ ಸ್ಪ್ರಿಂಗನ್ನು ಮಾತ್ರ ತನ್ನಿ.

ಮೊದಲ ಅವಧಿ: ಸ್ಪ್ರಿಂಗನ್ನು ಕೇಳುವುದು

ಕಲಿಕಾ ಫಲಗಳನ್ನು ಮೂರಕ್ಕೆ ಸೀಮಿತಗೊಳಿಸಿದೆ. ವಿದ್ಯಾರ್ಥಿಯು ಬಲಕ್ಕೂ ಸ್ಪ್ರಿಂಗಿನ ಹಿಗ್ಗುವಿಕೆಗೂ ಇರುವ ಸಂಬಂಧವನ್ನು ಅಳೆದು ಹೇಳುವನು. ಸ್ಪ್ರಿಂಗ್ ಹೀರಿಕೊಳ್ಳುವ ಶಕ್ತಿಯನ್ನು ಲೆಕ್ಕ ಹಾಕುವನು. ಒಂದು ಆಯ್ಕೆಗೆ ಬೇಕಾದ ಮಾನದಂಡಗಳನ್ನು ತಾನೇ ಪಟ್ಟಿಮಾಡುವನು.

ಪ್ರಯೋಗಾಲಯದ 20 ಸುತ್ತಿನ ಸ್ಪ್ರಿಂಗನ್ನು ಸ್ಟ್ಯಾಂಡಿಗೆ ತೂಗುಹಾಕಿ 100 ಗ್ರಾಂ ಬಟ್ಟು ಕಟ್ಟಿದಾಗ ಅದು 40 ಮಿ.ಮೀ. ಹಿಗ್ಗಿತು. 200 ಗ್ರಾಂಗೆ 80 ಮಿ.ಮೀ. ಮಕ್ಕಳು ನಕ್ಷೆ ಎಳೆದರು, ಸರಳರೇಖೆ ಬಂತು. ರಾಬರ್ಟ್ ಹುಕ್ ಇದನ್ನು 1678ರಲ್ಲಿ ಪ್ರಕಟಿಸಿದನೆಂದು ಹೇಳಿ ಮುಂದುವರಿದೆ.

ಅನಂತರ ಅದೇ ಸ್ಪ್ರಿಂಗಿನ ನಡುಭಾಗವನ್ನು ಸ್ಟ್ಯಾಂಡಿಗೆ ಬಿಗಿದು, ಕೆಳಗಿನ 10 ಸುತ್ತು ಮಾತ್ರ ಕೆಲಸ ಮಾಡುವಂತೆ ಮಾಡಿದೆ. ಮತ್ತೆ 100 ಗ್ರಾಂ ಕಟ್ಟುವ ಮೊದಲು ಊಹೆ ಕೇಳಿದೆ. 'ಅರ್ಧ ಸ್ಪ್ರಿಂಗ್, ಶಕ್ತಿ ಕಡಿಮೆ, ಜಾಸ್ತಿ ಹಿಗ್ಗುತ್ತೆ' ಎಂದವರೇ ಹೆಚ್ಚು. ಹಿಗ್ಗಿದ್ದು 20 ಮಿ.ಮೀ. ಸುತ್ತು ಅರ್ಧವಾದರೆ ಸ್ಪ್ರಿಂಗ್ ಎರಡರಷ್ಟು ಗಟ್ಟಿ ಎಂಬುದನ್ನು ಮಕ್ಕಳೇ ಹೇಳಿದರು. ಪ್ರತಿ ಸುತ್ತೂ ತನ್ನ ಪಾಲಿನಷ್ಟು ಹಿಗ್ಗುತ್ತದೆ, ಹಿಗ್ಗುವ ಸುತ್ತುಗಳೇ ಅರ್ಧವಾದವು ಎಂಬ ವಿವರಣೆಯೂ ಒಬ್ಬ ಹುಡುಗಿಯಿಂದಲೇ ಬಂತು.

ಇಲ್ಲಿ ಕತ್ತರಿಸಿದ ಸ್ಪ್ರಿಂಗಿನ ಮಾತು ತಾನಾಗಿ ಬಂತು. ಕೆಲಸ ಮಾಡುವ 6 ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಬಿಗಿ ಐದರಲ್ಲಿ ಆರರಷ್ಟು, ಅಂದರೆ ಶೇ. 20ರಷ್ಟು ಹೆಚ್ಚುತ್ತದೆ. ಲೆಕ್ಕ ಅಷ್ಟಕ್ಕೇ ನಿಲ್ಲುವುದಿಲ್ಲ. ಸ್ಪ್ರಿಂಗಿನ ತುದಿಯನ್ನು ಅದರ ಬಟ್ಟಲಿನಲ್ಲಿ ಸರಿಯಾಗಿ ಕೂರುವಂತೆ ರೂಪಿಸಿರುತ್ತಾರೆ. ಕತ್ತರಿಸಿದ ತುದಿ ಹಾಗೆ ಕೂರದು. ಚಕ್ರ ಹಳ್ಳದಲ್ಲಿ ಕೆಳಗೆ ಇಳಿದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕೂರಿಸುವುದು ಇನ್ನೂ ಕೆಟ್ಟದ್ದು. ಉಕ್ಕಿಗೆ ಕೊಟ್ಟ ಹದವೇ ಹೋಗಿ ಅದು ಸ್ಪ್ರಿಂಗಾಗಿ ಉಳಿಯುವುದಿಲ್ಲ.

ಎರಡನೇ ಅವಧಿ: ಕಳೆದುಹೋದ 40 ಮಿಲಿಮೀಟರ್

ಲೆಕ್ಕಕ್ಕೆ ಸುಲಭವಾಗುವ ಅಂಕಿಗಳನ್ನು ತೆಗೆದುಕೊಂಡೆ. ಒಂದು ಚಕ್ರದ ಮೇಲಿನ ಭಾರ 250 ಕೆ.ಜಿ., ಅಂದರೆ ಸುಮಾರು 2,500 ನ್ಯೂಟನ್. ಸ್ಪ್ರಿಂಗಿನ ಬಿಗಿ ಮಿಲಿಮೀಟರಿಗೆ 25 ನ್ಯೂಟನ್. ಕಾರು ನಿಂತಾಗಲೇ ಸ್ಪ್ರಿಂಗ್ 100 ಮಿ.ಮೀ. ಕುಗ್ಗಿರುತ್ತದೆ. ಅಲ್ಲಿಂದ ಬಂಪ್ ಸ್ಟಾಪ್ ತಾಗಲು ಇನ್ನು 70 ಮಿ.ಮೀ. ಇದೆ ಎಂದುಕೊಳ್ಳೋಣ.

ಈ 70 ಮಿ.ಮೀ. ಕುಗ್ಗಲು ಬೇಕಾದ ಹೆಚ್ಚುವರಿ ಬಲ 25 × 70 = 1,750 ನ್ಯೂಟನ್. ಅಷ್ಟರಲ್ಲಿ ಹೀರಿಕೊಳ್ಳುವ ಶಕ್ತಿ, ಬಿಗಿಯ ಅರ್ಧವನ್ನು ಕುಗ್ಗಿದ ದೂರದ ವರ್ಗದಿಂದ ಗುಣಿಸಿದಾಗ, ಸುಮಾರು 61 ಜೂಲ್. ಸಮತೋಲದ ಸ್ಥಾನದಿಂದ ಅಳೆಯುವುದೇಕೆ ಎಂದು ಯಾರಾದರೂ ಕೇಳಿದರೆ, ಆ ಮೊದಲಿನ 100 ಮಿ.ಮೀ. ಕುಗ್ಗುವಿಕೆ ಕಾರಿನ ತೂಕವನ್ನು ಹೊರುವುದರಲ್ಲೇ ಮುಗಿದಿದೆ ಎಂದು ವಿವರಿಸಬಹುದು.

ಈಗ ಹಳೆಯ ಶಾಕ್ ಅಬ್ಸಾರ್ಬರ್ ಹಾಗೇ ಇಟ್ಟು ಕಾರನ್ನು 40 ಮಿ.ಮೀ. ಇಳಿಸಿದರೆ ಉಳಿಯುವುದು 30 ಮಿ.ಮೀ. ಅದೇ ಬಿಗಿಯ ಗಿಡ್ಡ ಸ್ಪ್ರಿಂಗಾದರೆ 750 ನ್ಯೂಟನ್‌ಗೇ ಬಂಪ್ ಸ್ಟಾಪ್ ತಾಗುತ್ತದೆ. ಹೀರಿಕೊಳ್ಳುವ ಶಕ್ತಿ 11 ಜೂಲ್ ಮಾತ್ರ. ಶೇ. 20ರಷ್ಟು ಗಟ್ಟಿ ಮಾಡಿದರೂ 13.5 ಜೂಲ್. ಮೊದಲಿನಷ್ಟೇ ಶಕ್ತಿ ಹೀರಬೇಕಾದರೆ ಸ್ಪ್ರಿಂಗ್ ಸುಮಾರು 5.4 ಪಟ್ಟು ಗಟ್ಟಿಯಾಗಬೇಕು. ಅಂಥ ಕಾರಿನಲ್ಲಿ ಯಾರೂ ಕೂರಲಾರರು. ದೂರದ ವರ್ಗ ಎಂಬ ಮಾತಿನ ಅರ್ಥ ಇಲ್ಲಿ ಮಕ್ಕಳಿಗೆ ತಟ್ಟಿತು. ದೂರ ಅರ್ಧಕ್ಕಿಂತ ಕಡಿಮೆಯಾದರೆ ಶಕ್ತಿ ಐದನೇ ಒಂದಕ್ಕೆ ಇಳಿಯುತ್ತದೆ.

ಕಾಯಿಲ್‌ಓವರ್ ಹಾಕಿದರೆ? ಇಲ್ಲಿ ಎರಡು ಬಗೆ. ಸ್ಪ್ರಿಂಗ್ ಕೂರುವ ಉಂಗುರವನ್ನು ಮಾತ್ರ ಇಳಿಸುವ ಸೆಟ್ಟಾದರೆ ಮೇಲಿನದೇ ಕಥೆ, 40 ಮಿ.ಮೀ. ಕಳೆದುಹೋಗುತ್ತದೆ. ಕೆಳಗಿನ ಬ್ರಾಕೆಟ್ಟಿನಿಂದ ಒಟ್ಟು ಉದ್ದವನ್ನೇ ಕಡಿಮೆ ಮಾಡುವ ಸೆಟ್ಟಾದರೆ ಒಳಗಿನ 70 ಮಿ.ಮೀ. ಹಾಗೇ ಉಳಿಯುತ್ತದೆ. ಆದರೆ ಚಕ್ರ ಈಗಾಗಲೇ ಬಾಡಿಗೆ 40 ಮಿ.ಮೀ. ಹತ್ತಿರ ಬಂದಿದೆ. ಪೂರ್ತಿ ಕುಗ್ಗಿದಾಗ ಟೈರು ಮಡ್‌ಗಾರ್ಡಿಗೆ ತಾಗುವುದೋ ಎಂದು ನೋಡಲೇಬೇಕು.

ಇಳಿಸುವುದರಿಂದ ಲಾಭವೇ ಇಲ್ಲವೆಂದು ಹೇಳಿದರೆ ಅದು ವಿಜ್ಞಾನ ಪಾಠವಾಗುವುದಿಲ್ಲ. ಗುರುತ್ವ ಕೇಂದ್ರ ನೆಲದಿಂದ 550 ಮಿ.ಮೀ. ಎತ್ತರವಿದ್ದದ್ದು 510ಕ್ಕೆ ಇಳಿದರೆ, ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ವರ್ಗವಾಗುವ ಭಾರ ಸುಮಾರು ಶೇ. 7ರಷ್ಟು ಕಡಿಮೆಯಾಗುತ್ತದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಂಥ ಟ್ರ್ಯಾಕುಗಳಲ್ಲಿ ಈ ಲಾಭಕ್ಕೆ ಬೆಲೆಯಿದೆ. ಅಲ್ಲಿ ನೆಲ ಸಮತಟ್ಟು, ಓಡಿಸುವವ ಒಬ್ಬನೇ, ಹಿಂದೆ ಸಾಮಾನಿಲ್ಲ.

ಹಂಪ್ ಅಳೆಯುವ ಮನೆಗೆಲಸ

ರಸ್ತೆಯನ್ನು ತರಗತಿಗೆ ತರಲು ಹಂಪ್‌ಗಳನ್ನು ಅಳೆಯಲು ಹೇಳಿದೆ. ಹಿರಿಯರ ಜೊತೆ, ವಾಹನ ಓಡಾಟವಿಲ್ಲದ ಹೊತ್ತಿನಲ್ಲಿ, ದಾರ ಮತ್ತು ಅಳತೆಪಟ್ಟಿ ಹಿಡಿದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಂಸವಾಗಿರಬೇಕು. ಮಕ್ಕಳು ತಂದ ಅಳತೆಗಳಲ್ಲಿ ಒಂದು 60 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರವಿತ್ತು.

2018ರ ಮಾದರಿಯ ಮಾರುತಿ ಸ್ವಿಫ್ಟ್ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,450 ಮಿ.ಮೀ., ನೆಲದಿಂದ ತಳದ ಎತ್ತರ 163 ಮಿ.ಮೀ. ಮಾನದಂಡದ ಹಂಪ್ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ನಿಲ್ಲುತ್ತವೆ. ಆಗ ತಳದ ನಡುವೆ ಉಬ್ಬು ಎಷ್ಟು ಬರುತ್ತದೆ? 10ನೇ ತರಗತಿಯ ವೃತ್ತದ ಪಾಠ ಇಲ್ಲಿ ಬೇಕಾಯಿತು. 2.45 ಮೀಟರ್ ಜ್ಯಾದ ವರ್ಗವನ್ನು ತ್ರಿಜ್ಯದ 8 ಪಟ್ಟಿನಿಂದ ಭಾಗಿಸಿದರೆ ಸುಮಾರು 44 ಮಿ.ಮೀ. ಕಾರನ್ನು 40 ಮಿ.ಮೀ. ಇಳಿಸಿದರೂ 79 ಮಿ.ಮೀ. ಉಳಿಯುತ್ತದೆ. ಆದರೆ ಮಕ್ಕಳು ಅಳೆದ ಕಿರಿದಾದ ಹಂಪ್ ಎರಡು ಚಕ್ರಗಳ ನಡುವೆ ಪೂರ್ತಿ ಎದ್ದು ನಿಲ್ಲುತ್ತದೆ. ಮೂಲ ಎತ್ತರದಲ್ಲಿ 163ರಲ್ಲಿ 140 ಕಳೆದು 23 ಮಿ.ಮೀ. ಉಳಿದರೆ, ಇಳಿಸಿದ ಕಾರು 17 ಮಿ.ಮೀ. ಸಿಕ್ಕಿಹಾಕಿಕೊಳ್ಳುತ್ತದೆ. ಸ್ಪ್ರಿಂಗೋ ಕಾಯಿಲ್‌ಓವರೋ ಎಂಬ ಪ್ರಶ್ನೆಗೆ ಈ ಹಂಪ್ ಮುಂದೆ ಅರ್ಥವೇ ಇರಲಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಮಾನದಂಡ

ಒಂದೇ ಪಾಠಯೋಜನೆ ನಾಲ್ಕು ಕಡೆ ಬೇರೆ ಬೇರೆ ದಾರಿ ಹಿಡಿಯಿತು. ಕೋಲಾರದ ತರಗತಿಯಲ್ಲಿ ಎಪಿಎಂಸಿ ಟೊಮೇಟೊ ಕ್ರೇಟು ಲೆಕ್ಕದ ಘಟಕವಾಯಿತು. 15 ಕೆ.ಜಿ.ಯ 10 ಕ್ರೇಟು ಹಿಂದೆ ಇಟ್ಟರೆ 150 ಕೆ.ಜಿ.; ಎಲ್ಲ ಭಾರ ಹಿಂದಿನ ಎರಡು ಸ್ಪ್ರಿಂಗುಗಳ ಮೇಲೆ ಬಿತ್ತೆಂದರೆ ಒಂದೊಂದಕ್ಕೆ 750 ನ್ಯೂಟನ್, ಅಂದರೆ 30 ಮಿ.ಮೀ. ಕುಸಿತ. ಇಳಿಸಿದ ಕಾರಿನಲ್ಲಿ ಉಳಿದಿದ್ದದ್ದೂ ಅಷ್ಟೇ. ಕಾರು ಹೊರಡುವ ಮೊದಲೇ ಬಂಪ್ ಸ್ಟಾಪ್ ಮೇಲೆ ಕೂತಿರುತ್ತದೆ. ಶ್ರೀನಿವಾಸಪುರದ ಮಕ್ಕಳು ಇದೇ ಲೆಕ್ಕವನ್ನು ಮಾವಿನ ಸುಗ್ಗಿಗೆ ಹೊಂದಿಸಿ, ಉಂಗುರ ತಿರುಗಿಸಿ ಸುಗ್ಗಿಗೆ ಎತ್ತರಿಸಬಹುದಲ್ಲ ಎಂದು ಕಾಯಿಲ್‌ಓವರ್ ಪರ ವಾದಿಸಿದರು. ಒಳ್ಳೆಯ ವಾದವೇ. ಪ್ರತಿ ಸಲ ತಿರುಗಿಸಿದಾಗಲೂ ವ್ಹೀಲ್ ಅಲೈನ್‌ಮೆಂಟ್ ಮಾಡಿಸಬೇಕು ಎಂಬುದನ್ನು ಪ್ರಶಿಕ್ಷಣಾರ್ಥಿ ಸೇರಿಸಿದರು.

ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಧೂಳಿನ ಮಾತು ಬಂತು. ಧೂಳು, ಕೆಸರು ಕೂತರೆ ಮರೆಯ ಉಂಗುರ ಬಿಗಿದು ತಿರುಗದಂತಾಗುತ್ತದೆ. ಆಗ ಹೊಂದಿಸುವ ಅನುಕೂಲಕ್ಕೆ ಕೊಟ್ಟ ದುಡ್ಡು ವ್ಯರ್ಥ. ಮುಳಬಾಗಿಲಿನಲ್ಲಿ ರಾಷ್ಟ್ರೀಯ ಹೆದ್ದಾರಿ 75ರ ವೇಗವೇ ಮುಖ್ಯ ಮಾನದಂಡವಾಯಿತು. ಅಲ್ಲಿ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಗುಂಪಿನಲ್ಲಿ ಮೊದಲು ತೆಲುಗಿನಲ್ಲಿ ಚರ್ಚಿಸಿ, ಆಮೇಲೆ ಕನ್ನಡದಲ್ಲಿ ವರದಿ ಒಪ್ಪಿಸಿದರು. ಪ್ರಶಿಕ್ಷಣಾರ್ಥಿ ಅದಕ್ಕೆ ಅವಕಾಶ ಕೊಟ್ಟದ್ದರಿಂದ ಸದ್ದಿಲ್ಲದೆ ಕೂತಿರುತ್ತಿದ್ದ ಕೆಲವರು ಲೆಕ್ಕ ಹಿಡಿದು ವಾದಿಸಿದರು.

ಕೋಲಾರದ ತರಗತಿಗೆ ಸಂಪನ್ಮೂಲ ವ್ಯಕ್ತಿಯಾಗಿ ಬಂದ ಮೆಕ್ಯಾನಿಕ್ ಒಬ್ಬರು ಹೇಳಿದ್ದು ನಮ್ಮ ಪಾಠಯೋಜನೆಯಲ್ಲಿರಲಿಲ್ಲ: "ಇಳಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದೇ ಹೋಗ್ತಾರೆ. ಆಮೇಲೆ ಟೈರು ಒಳಗಡೆ ಸವೆದು ಬರುತ್ತೆ. ಇನ್ನು ಕೆಲವರ ಕಾರು ತೂರಾಡೋದು ಶಾಕ್ಸ್ ಹೋಗಿರೋದ್ರಿಂದ. ಶಾಕ್ಸ್ ಹಾಕಿಸಿ ಸಾಕು ಅಂದ್ರೆ ಕೇಳಲ್ಲ." ಪಟ್ಟಿಗೆ ಹೊಸದೊಂದು ಆಯ್ಕೆ ಸೇರಿತು: ಮೂಲ ಸ್ಪ್ರಿಂಗ್ ಉಳಿಸಿಕೊಂಡು ಸವೆದ ಶಾಕ್ ಅಬ್ಸಾರ್ಬರ್ ಬದಲಿಸುವುದು.

ಕಾನೂನೂ ಪಾಠದ ಭಾಗ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಣೆಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ(4) ಕಲಮಿನಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಇವೆ. ಆದ್ದರಿಂದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ, ವಿಮಾ ಕಂಪನಿಗೆ ತಿಳಿಸದೆ ಕೈಹಾಕುವ ಕೆಲಸ ಇದಲ್ಲ. ಇದನ್ನು ಪಾಠದ ಮೊದಲಲ್ಲೇ ಹೇಳಿದರೆ 'ಮಾಡಬಾರದು' ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಲೆಕ್ಕ ಮುಗಿದ ಮೇಲೆ ಹೇಳಿದಾಗ ಆ ನಿಯಮ ಏಕಿದೆ ಎಂಬುದೂ ಮಕ್ಕಳಿಗೆ ಕಾಣುತ್ತದೆ.

ಮೌಲ್ಯಮಾಪನ

ಲಿಖಿತ ಮೌಲ್ಯಮಾಪನದಲ್ಲಿ 'ಯಾವುದು ಉತ್ತಮ?' ಎಂದು ಕೇಳಲಿಲ್ಲ. ಮೂವರು ಮಾಲೀಕರ ವಿವರ ಕೊಟ್ಟೆವು. ಒಬ್ಬರು ವಾರಕ್ಕೆರಡು ಸಲ ಮಾರುಕಟ್ಟೆಗೆ ತರಕಾರಿ ಒಯ್ಯುವವರು, ಒಬ್ಬರು ದಿನವೂ ಹೆದ್ದಾರಿಯಲ್ಲಿ ಬೆಂಗಳೂರಿಗೆ ಒಬ್ಬರೇ ಹೋಗಿಬರುವವರು, ಇನ್ನೊಬ್ಬರು ಟ್ರ್ಯಾಕಿನಲ್ಲಿ ಸ್ಪರ್ಧಿಸುವವರು. ಪ್ರತಿಯೊಬ್ಬರಿಗೂ ಒಂದು ಸಲಹೆ, ಅದಕ್ಕೆ ಒಂದು ಲೆಕ್ಕ, ಇನ್ನೂ ಅಳೆಯಬೇಕಾದ ಒಂದು ಸಂಗತಿ ಬರೆಯಬೇಕಿತ್ತು. ಮೊದಲನೆಯವರಿಗೆ ಎರಡೂ ಬೇಡ ಎಂದು ಹೆಚ್ಚಿನವರು ಬರೆದರು. ಟ್ರ್ಯಾಕಿನವರಿಗೆ ಕಾಯಿಲ್‌ಓವರ್ ಎಂದರು. ಹೆದ್ದಾರಿಯವರ ವಿಷಯದಲ್ಲಿ ತರಗತಿ ಒಡೆಯಿತು. ಕಾರಣ ಸರಿಯಿದ್ದ ಎಲ್ಲ ಉತ್ತರಕ್ಕೂ ಪೂರ್ಣ ಅಂಕ ಕೊಟ್ಟೆವು.

ಪ್ರಶ್ನೆ ಕೇಳಿದ ಹುಡುಗ ಲೆಕ್ಕದ ಹಾಳೆಯನ್ನು ಮನೆಗೆ ಒಯ್ದ. ಅಣ್ಣ ಇನ್ನೂ ಏನೂ ತೀರ್ಮಾನಿಸಿಲ್ಲವಂತೆ; ಕತ್ತರಿಸುವ ಮಾತನ್ನು ಮಾತ್ರ ಬಿಟ್ಟಿದ್ದಾನೆ.

ಪ್ರಶಿಕ್ಷಣಾರ್ಥಿಗಳಿಗೆ

ನಾಲ್ಕೂ ಶಾಲೆಗಳ ವೀಕ್ಷಣೆಯ ನಂತರ ನಡೆದ ಚರ್ಚೆಯಲ್ಲಿ ಒಪ್ಪಿಕೊಂಡ ಕೆಲವು ಅಂಶಗಳಿವು. ಆಯ್ಕೆಗಳ ಹೆಸರು ಹೇಳುವ ಮೊದಲು ಮಾನದಂಡಗಳನ್ನು ಮಕ್ಕಳಿಂದ ಪಡೆಯಿರಿ; ಹೆಸರು ಮೊದಲು ಬಂದರೆ ಮಕ್ಕಳು ಪಕ್ಷ ಹಿಡಿಯುತ್ತಾರೆ. ಒಂದಾದರೂ ಮಾನದಂಡವನ್ನು ಅವರೇ ಅಳೆಯುವಂತಿರಲಿ. 'ಎರಡೂ ಬೇಡ' ಎಂಬ ಸಾಲನ್ನು ಕರಿಹಲಗೆಯ ಮೇಲೆ ಮೊದಲಿಂದಲೇ ಬಿಡಿ. ಲೆಕ್ಕದ ಅಂಕಿಗಳು ಕಲ್ಪಿತವಾಗಿದ್ದರೆ ಹಾಗೆಂದು ಹೇಳಿ, ನಿಜವಾದ ಅಂಕಿ ಎಲ್ಲಿ ಸಿಗುತ್ತದೆಂದು ತೋರಿಸಿ. ಎರಡು ಅವಧಿಯಲ್ಲಿ ಮುಗಿಸಲು ಹೊರಟರೆ ಹಂಪ್ ಲೆಕ್ಕಕ್ಕೆ ಹೊತ್ತು ಸಾಲದು. ಅದನ್ನು ಗಣಿತ ಶಿಕ್ಷಕರೊಂದಿಗೆ ಹಂಚಿಕೊಂಡು ಮೂರನೇ ಅವಧಿಗೆ ಇಡಿ.

ಮುಂದಿನ ತಂಡದವರು ಇದೇ ಹಂತಗಳಲ್ಲಿ ಬೋರ್‌ವೆಲ್‌ಗೆ ಯಾವ ಪಂಪ್ ಎಂಬ ಪ್ರಶ್ನೆಯನ್ನು ತೆಗೆದುಕೊಂಡು ಪಾಠಯೋಜನೆ ಬರೆಯಬಹುದು. ನಮ್ಮ ಜಿಲ್ಲೆಯ ಮಕ್ಕಳಿಗೆ ಆ ಅಳತೆಗಳೂ ಮನೆಯಲ್ಲೇ ಸಿಗುತ್ತವೆ.